ಅಪ್ಪ ನಂಬುವುದು ನಿಮ್ಮ ಪೇಪರನ್ನೇ, ಹಾಗಾಗಿ ಬೈಕ್ ಬ್ಯಾಟರಿ ಬಗ್ಗೆ ಈ ಪತ್ರ

ಸಂಪಾದಕರಿಗೆ ನಮಸ್ಕಾರ,

ಎರಡು ವಾರದ ಹಿಂದೆ ನಿಮ್ಮ ವಾಹನ ಪುಟದ ಮೂಲೆಯಲ್ಲಿ ಒಂದು ಪುಟ್ಟ ಬಾಕ್ಸ್ ಬಂದಿತ್ತು. ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವವರು ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕು, ಬ್ಯಾಟರಿಗೆ ಏನೂ ಆಗಲ್ಲ ಅಂತ. ನಾಲ್ಕೇ ಸಾಲು. ನಾನು ಅದನ್ನು ಓದಲಿಲ್ಲ, ಕೇಳಿದೆ. ಸಾಗರದ ಹತ್ತಿರದ ನಮ್ಮ ಊರಿಂದ ಅಪ್ಪ ಫೋನಿನಲ್ಲಿ ಓದಿ ಹೇಳಿದರು.

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಊರಲ್ಲಿ ನನ್ನ ಹಳೇ ಪಲ್ಸರ್ ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತಿದೆ, ಟಾರ್ಪಾಲ್ ಹೊದ್ದುಕೊಂಡು. ಅಪ್ಪ ಈಗ ಪ್ರತಿ ಭಾನುವಾರ ತಿಂಡಿ ಆದಮೇಲೆ ಹೋಗಿ ಅದನ್ನು ಸ್ಟಾರ್ಟ್ ಮಾಡಿ, ಐದು ನಿಮಿಷ ಗಡಿಯಾರ ನೋಡಿ, ಆಫ್ ಮಾಡಿ ಬರುತ್ತಾರೆ. ಹಾಗೆ ಮಾಡಬೇಡಿ ಅಪ್ಪ, ಅದರಿಂದ ಬ್ಯಾಟರಿ ಉಳಿಯಲ್ಲ ಅಂತ ನಾನು ಹೇಳಿದ್ದಕ್ಕೆ ಬಂದ ಉತ್ತರ: "ಸುಮ್ನಿರು ಮಾರಾಯ, ಪೇಪರ್ನವರು ಗೊತ್ತಿಲ್ದೇ ಬರೀತಾರಾ?"

ಅಲ್ಲಿಗೆ ನನ್ನ ಮಾತು ಮುಗಿಯಿತು. ಇನ್ನು ನೀವೇ ಹೇಳಬೇಕು. ಪತ್ರ ಉದ್ದ ಆಗಿದೆ, ಬೇಕಾದಲ್ಲಿ ಕತ್ತರಿ ಹಾಕಿ. ಆದರೆ ವಾರಕ್ಕೈದು ನಿಮಿಷದ ಲೆಕ್ಕ ಇರುವ ಭಾಗವನ್ನು ಮಾತ್ರ ಬಿಡಬೇಡಿ.

ನಾನು ಇದರಲ್ಲಿ ಪಂಡಿತನೇನಲ್ಲ. ಒಂದು ಬ್ಯಾಟರಿ ಕೊಂದು ಕಲಿತವನು. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಬೈಕ್ ಓಡಿಸುವವರು ಕಡಿಮೆ. ರಸ್ತೆಗೆ ಉಪ್ಪು ಹಾಕುತ್ತಾರೆ, ಬೆಳಗಿನ ಹೊತ್ತು ಹಿಮ ಕಟ್ಟಿರುತ್ತದೆ, ಟೈರು ಹಿಡಿಯುವುದಿಲ್ಲ. ಅದಕ್ಕೇ ಇಲ್ಲಿ ಸೀಸನ್ ನಂಬರ್ ಪ್ಲೇಟ್ ಅಂತ ಒಂದಿದೆ. ಪ್ಲೇಟಿನ ಬಲ ಅಂಚಿನಲ್ಲಿ ಒಂದರ ಮೇಲೊಂದು ಎರಡು ಪುಟ್ಟ ಸಂಖ್ಯೆ. ನನ್ನದರಲ್ಲಿ ಮೇಲೆ 04, ಕೆಳಗೆ 10. ಅಂದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಗಾಡಿ ರಸ್ತೆಗೆ ಇಳಿಯಬಹುದು. ತೆರಿಗೆ, ವಿಮೆ ಎರಡೂ ಆ ಏಳು ತಿಂಗಳಿಗೆ ಮಾತ್ರ, ಜೇಬಿಗೆ ಹಿತ. ಆದರೆ ಉಳಿದ ಐದು ತಿಂಗಳು ಓಡಿಸುವುದಿರಲಿ, ಸಾರ್ವಜನಿಕ ರಸ್ತೆ ಬದಿಯಲ್ಲಿ ನಿಲ್ಲಿಸುವ ಹಾಗೂ ಇಲ್ಲ. "ಒಂದು ರೌಂಡ್ ಹೊಡೆದು ಬಂದರೆ ಬ್ಯಾಟರಿ ಚಾರ್ಜ್ ಆಗತ್ತೆ" ಅನ್ನುವ ನಮ್ಮೂರಿನ ಉಪಾಯ ಇಲ್ಲಿ ನಡೆಯುವುದಿಲ್ಲ.

ನನ್ನ ಬೈಕು ಬಿಎಂಡಬ್ಲ್ಯು ಜಿ 310 ಆರ್. ಊರಲ್ಲಿ ಎಲ್ಲರೂ ನಾನು ಬಿಎಂಡಬ್ಲ್ಯು ಊರಲ್ಲಿ ಇದ್ದು ಅಲ್ಲಿಯದೇ ಬೈಕು ತಗೊಂಡೆ ಅಂದುಕೊಂಡಿದ್ದಾರೆ. ನಿಜ ಏನಂದ್ರೆ ಅದು ತಯಾರಾಗಿದ್ದು ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ, ಬೆಂಗಳೂರಿಂದ 40 ಕಿಲೋಮೀಟರ್ ದೂರದಲ್ಲಿ. ನನಗಿಂತ ಜಾಸ್ತಿ ದೂರ ಪ್ರಯಾಣ ಮಾಡಿ ಬಂದ ಗಾಡಿ ಅಂತ ಅದರ ಮೇಲೆ ನನಗೆ ಒಂಚೂರು ಮಮತೆ. ಇರಲಿ.

ಮೊದಲ ಚಳಿಗಾಲ ನಾನು ಮಾಡಿದ್ದು ಅಪ್ಪ ಈಗ ಮಾಡುತ್ತಿರುವುದನ್ನೇ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಇದೆ. ಪ್ರತಿ ಶನಿವಾರ ಇಳಿದು ಹೋಗಿ ಐದು ನಿಮಿಷ ಎಂಜಿನ್ ಓಡಿಸಿ ಬರುತ್ತಿದ್ದೆ. ಮುಚ್ಚಿದ ಜಾಗದಲ್ಲಿ ಹಾಗೆ ಮಾಡುವುದೇ ಮೊದಲ ತಪ್ಪು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆಗ ಅದೆಲ್ಲ ತಲೆಗೆ ಹೋಗಲಿಲ್ಲ. ಜನವರಿ ಕೊನೆಗೆ ಸೆಲ್ಫ್ ಸ್ವಲ್ಪ ಎಳೆದ ಹಾಗೆ ಅನ್ನಿಸಿತು. ಫೆಬ್ರವರಿಯಲ್ಲಿ ಎರಡನೇ ಸಲಕ್ಕೆ ಹತ್ತಿಕೊಂಡಿತು. ಏಪ್ರಿಲ್ ಒಂದಕ್ಕೆ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ಹೋಗಿ ಬಟನ್ ಒತ್ತಿದರೆ ಟಿಕ್ ಟಿಕ್ ಟಿಕ್ ಟಿಕ್. ಅಷ್ಟೇ. ಮೀಟರ್ ಮಿಣುಕಿ ಆರಿ ಹೋಯಿತು. ಏಪ್ರಿಲ್ ಫೂಲ್ ನಾನೇ.

ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಫ್ಯೂಯಲ್ ಇಂಜೆಕ್ಷನ್ ಗಾಡಿ. ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಬೆವರು ಬರುತ್ತದೆ ಅಷ್ಟೇ. ಅಪ್ಪನ ಕಾಲದ ಚೇತಕ್ ಆಗಿದ್ದರೆ ಎಡಕ್ಕೊಮ್ಮೆ ವಾಲಿಸಿ ಒಂದು ಕಿಕ್ ಕೊಟ್ಟಿದ್ದರೆ ಮುಗೀತಿತ್ತು, ಅದಕ್ಕೆ ಕಿಕ್ ಹೊಡೆದಾಗ ತಾನೇ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋ ಇತ್ತು, ಸ್ಟಾರ್ಟ್ ಆಗಲು ಬ್ಯಾಟರಿಯ ಹಂಗೇ ಇರಲಿಲ್ಲ. ಅಪ್ಪನಿಗೆ ಬ್ಯಾಟರಿ ಬಗ್ಗೆ ಇರುವ ಉಡಾಫೆ ಬಂದಿದ್ದು ಅಲ್ಲಿಂದಲೇ ಅಂತ ನನ್ನ ಗುಮಾನಿ.

ಈಗ ಲೆಕ್ಕಕ್ಕೆ ಬರೋಣ. ಸೆಲ್ಫ್ ಒತ್ತಿದಾಗ ಸ್ಟಾರ್ಟರ್ ಮೋಟರ್ 80 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಚಳಿಯಲ್ಲಿ ಎಂಜಿನ್ ಆಯಿಲ್ ಗಟ್ಟಿ ಇರುತ್ತದೆ, ಮೂರು ಸೆಕೆಂಡ್ ಒತ್ತಬೇಕಾಗುತ್ತದೆ. ಖರ್ಚು 240 ಆಂಪಿಯರ್ ಸೆಕೆಂಡ್. ಆಮೇಲೆ ಎಂಜಿನ್ ಐಡಲ್‌ನಲ್ಲಿ ಗುಟುರು ಹಾಕುತ್ತಾ ನಿಲ್ಲುತ್ತದೆ. ಆ ನಿಧಾನ ವೇಗದಲ್ಲಿ ಅದು ಹುಟ್ಟಿಸುವ ಕರೆಂಟೇ ಕಡಿಮೆ, ಅದರಲ್ಲಿ ಹೆಡ್‌ಲೈಟಿಗೆ, ಪೆಟ್ರೋಲ್ ಪಂಪಿಗೆ, ಸ್ಪಾರ್ಕಿಗೆ ಎಲ್ಲ ಹೋಗಬೇಕು. ಈಗಿನ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸಲಿಕ್ಕೂ ಆಗಲ್ಲ, ಭಾರತದಲ್ಲೂ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಅದೇ ನಿಯಮ ಅಲ್ವಾ. ಎಲ್ಲರಿಗೂ ಬಡಿಸಿ ಆದಮೇಲೆ ಬ್ಯಾಟರಿಯ ಎಲೆಗೆ ಅರ್ಧ ಆಂಪಿಯರ್ ಬಿತ್ತು ಅನ್ನೋಣ. ಐದು ನಿಮಿಷ ಅಂದರೆ 300 ಸೆಕೆಂಡ್, ಬಂದದ್ದು 150. ಕೊಟ್ಟದ್ದು 240, ಬಂದದ್ದು 150. ಉದಾರವಾಗಿ ಒಂದು ಪೂರ್ತಿ ಆಂಪಿಯರ್ ಬಂತು ಅಂದುಕೊಂಡರೂ 300, ಅದೂ ಮೊದಲ ಸಲಕ್ಕೇ ಹತ್ತಿದರೆ.

ಇದರ ಜೊತೆ ಸುಮ್ನೆ ನಿಂತಾಗಲೂ ಸೋರುವುದು ಬೇರೆ ಇದೆ. ಗಡಿಯಾರ, ಇಸಿಯು ಅನ್ನುವ ಎಂಜಿನ್ ಕಂಪ್ಯೂಟರ್, ಅಲಾರಂ ಇವು ಕೀ ತೆಗೆದ ಮೇಲೂ ಒಂಚೂರು ಕುಡಿಯುತ್ತಾ ಇರುತ್ತವೆ. ಬರೀ 2 ಮಿಲಿಆಂಪಿಯರ್ ಅಂದರೂ ವಾರಕ್ಕೆ ಸುಮಾರು 1,200 ಆಂಪಿಯರ್ ಸೆಕೆಂಡ್. ಅದನ್ನು ತುಂಬಿಸುವವರು ಯಾರು? ಜಿಪಿಎಸ್ ಟ್ರ್ಯಾಕರ್ ಹಾಕಿಸಿದವರ ಕಥೆ ಇನ್ನೂ ಕಷ್ಟ. 10 ಮಿಲಿಆಂಪಿಯರ್ ಎಳೆಯುವ ಯಂತ್ರ ಒಂದಿದ್ದರೆ ತಿಂಗಳಿಗೆ 7.2 ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್) ಹೋಯಿತು. ನನ್ನ ಬೈಕಿನ ಬ್ಯಾಟರಿ ಇರುವುದೇ 8 ಆಂಪಿಯರ್ ಅವರ್. ಕಳ್ಳ ಬಂದರೂ ಅವನೂ ಗಾಡಿ ತಳ್ಳಿಕೊಂಡೇ ಹೋಗಬೇಕು.

ಎಂಜಿನ್‌ಗೂ ಇದರಿಂದ ಒಳ್ಳೆಯದೇನಿಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತದೆ. ಐದು ನಿಮಿಷದಲ್ಲಿ ಸೈಲೆನ್ಸರ್, ಆಯಿಲ್ ಎರಡೂ ಸರಿಯಾಗಿ ಬಿಸಿ ಆಗುವುದಿಲ್ಲ. ಆ ನೀರು ಅಲ್ಲೇ ತಂಪಾಗಿ ಉಳಿಯುತ್ತದೆ, ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯುತ್ತದೆ, ಆಯಿಲ್‌ಗೂ ಸೇರುತ್ತದೆ. ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ ಬಂದರೆ ಮಾತು ಬೇರೆ. ಅದು ಆಗದಿದ್ದರೆ ಸ್ಟಾರ್ಟ್ ಮಾಡದೇ ಇರುವುದೇ ವಾಸಿ.

ಬ್ಯಾಟರಿ ಯಾಕೆ ಸಾಯುತ್ತದೆ ಅನ್ನುವುದನ್ನು ನನಗೆ ಅರ್ಥ ಮಾಡಿಸಿದ್ದು ನಮ್ಮ ಕಟ್ಟಡದ ಒಬ್ಬ ನಿವೃತ್ತ ಯಜಮಾನರು. ಎಪ್ಪತ್ತು ದಾಟಿದೆ, ಇನ್ನೂ ಬೈಕ್ ಬಿಟ್ಟಿಲ್ಲ. ನನ್ನ ಶನಿವಾರದ ಪೂಜೆಯನ್ನು ಇಡೀ ಚಳಿಗಾಲ ನೋಡಿದ್ದರಂತೆ, ಕೇಳದೇ ಹೇಳುವುದು ಹೇಗೆ ಅಂತ ಸುಮ್ಮನಿದ್ದರಂತೆ. ಅವರು ಹೇಳಿದ್ದನ್ನು ನಮ್ಮ ಸೀಮೆಯ ಮಾತಿಗೆ ತಂದುಕೊಂಡರೆ ಹೀಗೆ. ಜೋನಿ ಬೆಲ್ಲದ ಡಬ್ಬವನ್ನು ತಿಂಗಳುಗಟ್ಟಲೆ ಹಾಗೇ ಇಟ್ಟರೆ ತಳದಲ್ಲಿ ಹರಳು ಕಟ್ಟುತ್ತದಲ್ಲ, ಆಮೇಲೆ ಸೌಟು ಹಾಕಿ ಕೆರೆದರೂ ಏಳುವುದಿಲ್ಲ. ಸೀಸ-ಆಸಿಡ್ ಬ್ಯಾಟರಿಯಲ್ಲೂ ಅದೇ ಆಗುವುದು. ಕರೆಂಟ್ ಖರ್ಚಾಗುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ಅರೆ ಚಾರ್ಜಿನಲ್ಲೇ ವಾರಗಟ್ಟಲೆ ಬಿಟ್ಟರೆ ಹರಳಾಗಿ ಗಟ್ಟಿಯಾಗುತ್ತದೆ, ಪ್ಲೇಟಿನ ಅಷ್ಟು ಜಾಗ ಖಾಯಂ ಸತ್ತ ಹಾಗೆ. ಹಾಗಾಗಿ ನಿಲ್ಲಿಸಿಡುವ ಬ್ಯಾಟರಿಗೆ ದೊಡ್ಡ ಶತ್ರು ಚಳಿ ಅಲ್ಲ, ಅರೆಹೊಟ್ಟೆ.

ಚಳಿ ಕೂಡ ಅರೆಹೊಟ್ಟೆಯವರನ್ನೇ ಹಿಡಿಯುವುದು. ಪೂರ್ತಿ ಚಾರ್ಜ್ ಇರುವ ಬ್ಯಾಟರಿಯೊಳಗೆ ಗಟ್ಟಿ ಆಸಿಡ್ ಇರುತ್ತದೆ, ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿ ಆದದ್ದರಲ್ಲಿ ಆಸಿಡ್ ತೆಳ್ಳಗಾಗಿ ಹೆಚ್ಚುಕಡಿಮೆ ನೀರೇ ಆಗಿರುತ್ತದೆ, ಮೈನಸ್ 10ರ ಆಸುಪಾಸಿನಲ್ಲೇ ಮಂಜುಗಡ್ಡೆಯಾಗಿ ಡಬ್ಬ ಬಿರಿಯುತ್ತದೆ. ಮ್ಯೂನಿಕ್‌ನಲ್ಲಿ ಬಯಲಲ್ಲಿ ನಿಲ್ಲಿಸಿದ ಗಾಡಿಗೆ ಅಂಥ ರಾತ್ರಿಗಳು ಬರುತ್ತವೆ. ಹಾಗೆ ಹೆಪ್ಪುಗಟ್ಟಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಸಾಹಸ ಮಾತ್ರ ಯಾರೂ ಮಾಡಬಾರದು, ಸಿಡಿಯಬಹುದು.

ಈಗ ನಾನು ಮಾಡುವುದು ಇಷ್ಟು. ಅಕ್ಟೋಬರ್ ಕೊನೆಯ ಭಾನುವಾರ ಸೀಟ್ ತೆಗೆದು ಬ್ಯಾಟರಿ ಬಿಚ್ಚುತ್ತೇನೆ. ಮೊದಲು ನೆಗೆಟಿವ್, ಅಂದರೆ ಕಪ್ಪು ವೈರು. ಆಮೇಲೆ ಕೆಂಪು. ಇದು ಶಾಸ್ತ್ರಕ್ಕಲ್ಲ. ಬೈಕಿನ ಇಡೀ ಚಾಸಿಗೂ, ಅಂದರೆ ಲೋಹದ ಚೌಕಟ್ಟಿಗೂ, ನೆಗೆಟಿವ್‌ಗೂ ಸಂಪರ್ಕ ಇರುತ್ತದೆ. ಕೆಂಪನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಜಾರಿ ಚಾಸಿಗೆ ತಾಗಿದರೆ ಫಟ್ ಅಂತ ಕಿಡಿ, ಸ್ಪ್ಯಾನರ್ ಅಲ್ಲೇ ಅಂಟಿಕೊಳ್ಳಲೂಬಹುದು. ಕಪ್ಪು ಮೊದಲೇ ಬಿಚ್ಚಿದ್ದರೆ ತಾಗಿದರೂ ಏನಿಲ್ಲ. ವಾಪಸ್ ಹಾಕುವಾಗ ಉಲ್ಟಾ, ಕೆಂಪು ಮೊದಲು, ಕಪ್ಪು ಕೊನೆಗೆ.

ಇನ್ನೊಂದು ಕಿರಿಕಿರಿ ಇದೆ, ಬಿಚ್ಚಿದವರಿಗೇ ಗೊತ್ತು. ಬ್ಯಾಟರಿಗೆ ವೈರು ಬಿಗಿಯುವ ಟರ್ಮಿನಲ್ಲಿನ ಗೂಡಿನೊಳಗೆ ಒಂದು ಚೌಕದ ನಟ್ಟು ಸಡಿಲವಾಗಿ ಕೂತಿರುತ್ತದೆ. ಬೋಲ್ಟ್ ಬಿಚ್ಚಿದ ಕೂಡಲೇ ಅದು ಕೆಳಗೆ ಇಳಿಯುತ್ತದೆ, ಆಮೇಲೆ ಬೋಲ್ಟ್ ತಿರುಗಿಸಿದರೆ ಹಿಡಿಯುವುದೇ ಇಲ್ಲ. ಬಗ್ಗಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಕಿರುಬೆರಳಲ್ಲಿ ನಟ್ಟನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬೋಲ್ಟ್ ಕೂರಿಸುವಷ್ಟರಲ್ಲಿ ಕುಲದೇವರೆಲ್ಲ ನೆನಪಾಗುತ್ತಾರೆ. ಆ ಯಜಮಾನರು ತೋರಿಸಿದ್ದು ಪಾತ್ರೆ ತೊಳೆಯುವ ಸ್ಪಂಜಿನ ಒಂದು ಚೂರು. ನಟ್ಟಿನ ಕೆಳಗೆ ತುರುಕಿದರೆ ಅದು ನಟ್ಟನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಎರಡು ನಿಮಿಷದ ಕೆಲಸ. ನನಗೆ ಈ ಇಡೀ ವಿದ್ಯೆಯಲ್ಲಿ ಅತೀ ಇಷ್ಟವಾದದ್ದು ಆ ಸ್ಪಂಜಿನ ಚೂರೇ.

ಪಾರ್ಕಿಂಗಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಹಾಗಾಗಿ ಬ್ಯಾಟರಿಯನ್ನು ನಮ್ಮ ಮನೆಯ ಪಾಲಿನ ನೆಲಮಾಳಿಗೆ ಕೋಣೆಗೆ ತರುತ್ತೇನೆ. ತಣ್ಣಗಿರುತ್ತದೆ, ಹಿಮ ಕಟ್ಟುವಷ್ಟಲ್ಲ. ಬ್ಯಾಟರಿಗೆ ಬೇಕಾದ್ದೂ ಅದೇ. ಬಿಸಿ ಜಾಸ್ತಿ ಆದಷ್ಟೂ ಅದು ತಾನಾಗಿ ಬೇಗ ಬತ್ತುತ್ತದೆ, ಹತ್ತು ಡಿಗ್ರಿ ಏರಿದರೆ ಸೋರುವಿಕೆ ಹತ್ತಿರ ಹತ್ತಿರ ದುಪ್ಪಟ್ಟು. ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಇರುವುದೂ ಅದೇ ಕೋಣೆಯಲ್ಲಿ. ಆಸಿಡ್ ತುಂಬಿದ ಡಬ್ಬವನ್ನು ಉಪ್ಪಿನಕಾಯಿ ಪಕ್ಕ ಇಟ್ಟಿದ್ದಕ್ಕೆ ನನ್ನ ಹೆಂಡತಿ ಮಾಡಿದ ಭಾಷಣವನ್ನು ಇಲ್ಲಿ ಬರೆಯಲಾರೆ. ಈಗ ಬ್ಯಾಟರಿ ಎದುರು ಗೋಡೆಯ ಹಲಗೆ ಮೇಲಿದೆ. ನೆಲದ ಮೇಲೇ ಇಟ್ಟರೂ ನಡೆಯುತ್ತಿತ್ತು. ಸಿಮೆಂಟ್ ನೆಲ ಚಾರ್ಜ್ ಹೀರುತ್ತದೆ ಅನ್ನುವುದು ಹಳೇ ಕಾಲದ ಮರದ, ರಬ್ಬರಿನ ಡಬ್ಬಗಳ ಕಾಲದ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಅದು ಅನ್ವಯಿಸಲ್ಲ.

ಚಾರ್ಜರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಬ್ಯಾಟರಿ ಎಷ್ಟು ಆಂಪಿಯರ್ ಅವರೋ ಅದರ ಹತ್ತನೇ ಒಂದು ಭಾಗದಷ್ಟು ಕರೆಂಟಿನಲ್ಲಿ ಚಾರ್ಜ್ ಮಾಡಬೇಕು. 8ರ ಬ್ಯಾಟರಿಗೆ 0.8 ಆಂಪಿಯರ್. ಕಾರಿನ, ಲಾರಿಯ ದೊಡ್ಡ ಚಾರ್ಜರ್‌ಗೆ ಸಿಕ್ಕಿಸಿ "ಒಂದು ಗಂಟೇಲಿ ಫುಲ್ ಮಾಡಿಕೊಡಿ" ಅಂದರೆ ಅದು ಬೆಂದು ಹೋಗುತ್ತದೆ. ಎರಡನೆಯದು, ತುಂಬಿದ ಮೇಲೆ ತಾನೇ ಹಿಂದೆ ಸರಿಯುವ ಚಾರ್ಜರ್ ಬೇಕು. ತುಂಬಿಸುವಾಗ 14.4 ವೋಲ್ಟ್‌ವರೆಗೆ ಹೋಗಿ, ತುಂಬಿದ ಮೇಲೆ 13.5ರ ಹತ್ತಿರ ಇಳಿದು ಸುಮ್ಮನೆ ಕಾಯುವಂಥದ್ದು. ಇಲ್ಲಿ ಸಿಟೆಕ್, ಆಪ್ಟಿಮೇಟ್ ಅಂತೆಲ್ಲ ಸಿಗುತ್ತವೆ. ಯಾವುದೇ ಕಂಪನಿಯದ್ದಾಗಲಿ, ಈ ಹಿಂದೆ ಸರಿಯುವ ಬುದ್ಧಿ ಇದ್ದರೆ ಸಾಕು. ಬುದ್ಧಿ ಇಲ್ಲದ ಅಗ್ಗದ ಚಾರ್ಜರನ್ನು ತಿಂಗಳುಗಟ್ಟಲೆ ಸಿಕ್ಕಿಸಿಟ್ಟರೆ ಒಳಗಿನ ನೀರು ಅನಿಲವಾಗಿ ಹೋಗಿ ಬ್ಯಾಟರಿ ಒಣಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರಬಹುದು, ಆದ್ದರಿಂದ ಗಾಳಿ ಆಡುವ ಜಾಗ ಇರಲಿ, ದೇವರ ದೀಪ, ಬೀಡಿ, ಬೆಂಕಿ ಹತ್ತಿರ ಬೇಡ.

ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರು ಇದನ್ನೆಲ್ಲ ಹಾಗೇ ಅನುಸರಿಸಬೇಡಿ. ಅದಕ್ಕೆ ಅದರದ್ದೇ ಚಾರ್ಜರ್ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು.

ಇನ್ನು ನಮ್ಮ ಊರಿನ ಕಥೆ. ಮಲೆನಾಡಲ್ಲಿ ಹಿಮ ಇಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕನ್ನು ಮಾಡಿನಡಿ ನಿಲ್ಲಿಸಿ ಬಿಡುವ ಮನೆಗಳು ಎಷ್ಟಿಲ್ಲ. ವಿದೇಶಕ್ಕೆ ಹೋದ ಮಕ್ಕಳ ಗಾಡಿಗಳಂತೂ ವರ್ಷವಿಡೀ ನಿಂತಿರುತ್ತವೆ. 2020ರ ಲಾಕ್‌ಡೌನ್ ಮುಗಿದು ಹೊರಟಾಗ ಎಷ್ಟು ಗಾಡಿ ಟಿಕ್ ಟಿಕ್ ಅಂದವು ಅನ್ನುವುದು ಎಲ್ಲರಿಗೂ ನೆನಪಿರಬೇಕು. ಮ್ಯೂನಿಕ್‌ನ ನನ್ನ ಕೋಣೆಗಿಂತ ಸಾಗರದ ಕೊಟ್ಟಿಗೆ ಬೆಚ್ಚಗಿದೆ, ಆದ್ದರಿಂದ ಅಲ್ಲಿ ಬ್ಯಾಟರಿ ಬತ್ತುವುದು ಇನ್ನೂ ಬೇಗ. ಸಾಲದ್ದಕ್ಕೆ ತೇವ ಬೇರೆ. ಟರ್ಮಿನಲ್ ಮೇಲೆ ಬೂಸಲು ಬಂದ ಹಾಗೆ ಬಿಳಿ, ಹಸಿರು ಪುಡಿ ಕೂರುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ನೊರೆ ಬಂದು ಹೋಗುತ್ತದೆ. ಒರೆಸಿ, ಒಣಗಿಸಿ, ವೈರು ಬಿಗಿ ಮಾಡಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಆಯಿತು.

ಅಲ್ಲಿ ಸ್ಮಾರ್ಟ್ ಚಾರ್ಜರ್ ಕೊಂಡು ಇಡಿ ಅಂತ ನಾನು ಹೇಳಲ್ಲ. ಮಳೆಗಾಲದಲ್ಲಿ ನಮ್ಮೂರಿಗೆ ಕರೆಂಟ್ ಬಂದು ಹೋಗುವ ಪರಿ ನಿಮಗೂ ಗೊತ್ತು. ಅದಕ್ಕಿಂತ ಸುಲಭ ಅಂದರೆ ಕಪ್ಪು ವೈರು ಬಿಚ್ಚಿ ಇಟ್ಟುಬಿಡುವುದು. ಆಗ ಅಲಾರಂ, ಗಡಿಯಾರ ಯಾವುದೂ ಕುಡಿಯುವುದಿಲ್ಲ, ಬ್ಯಾಟರಿ ತಾನಾಗಿ ಬತ್ತುವುದು ಮಾತ್ರ ಉಳಿಯುತ್ತದೆ. ಚೆನ್ನಾಗಿರುವ ಬ್ಯಾಟರಿಯಾದರೆ ಅದು ತಿಂಗಳಿಗೆ ನೂರಕ್ಕೆ ಮೂರೋ ಐದೋ. ಬಿಸಿಲುಗಾಲದಲ್ಲಿ ಜಾಸ್ತಿ. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಬ್ಯಾಟರಿಯನ್ನು ಚೀಲದಲ್ಲಿ ನೆಟ್ಟಗೆ ಇಟ್ಟುಕೊಂಡು ಪೇಟೆಗೆ ಹೋದಾಗ ಬ್ಯಾಟರಿ ಅಂಗಡಿಯಲ್ಲಿ ಚಾರ್ಜಿಗೆ ಹಾಕಿ, ಮಾರನೇ ದಿನ ತಂದರೆ ಸಾಕು. "ಸ್ಲೋ ಚಾರ್ಜ್ ಮಾಡಿ, ಅರ್ಜೆಂಟಿಲ್ಲ" ಅಂತ ಬಾಯಿಬಿಟ್ಟು ಹೇಳಬೇಕು. ಕೆಲವು ಅಂಗಡಿಗಳಲ್ಲಿ ನೋಡದೇ "ಇದು ಹೋಯ್ತು, ಹೊಸದು ಹಾಕ್ಸಿ" ಅನ್ನುತ್ತಾರೆ. ನನಗೂ ಒಮ್ಮೆ ಹೇಳಿದ್ದರು. ಎರಡು ದಿನ ನಿಧಾನಕ್ಕೆ ಚಾರ್ಜ್ ಮಾಡಿದ ಮೇಲೆ ಅದೇ ಬ್ಯಾಟರಿ ಮತ್ತೆ ಒಂದೂವರೆ ವರ್ಷ ನಡೆಯಿತು.

ಅದಕ್ಕೇ ಒಂದು ಮಲ್ಟಿಮೀಟರ್ ಮನೆಯಲ್ಲಿರಲಿ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಚಾರ್ಜರ್ ತೆಗೆದು ಒಂದಷ್ಟು ಗಂಟೆ ಬಿಟ್ಟು ನೋಡಬೇಕು, ತೆಗೆದ ಕೂಡಲೇ ನೋಡಿದರೆ ಸುಳ್ಳು ಹೇಳುತ್ತದೆ. 12.7 ವೋಲ್ಟ್ ಅಥವಾ ಮೇಲೆ ಇದ್ದರೆ ಹೊಟ್ಟೆ ತುಂಬಿದೆ. 12.4 ತೋರಿಸಿದರೆ ಚಾರ್ಜಿಗೆ ಹಾಕಿ. 12ಕ್ಕೆ ಬಂದರೆ ಆಗಲೇ ತಡವಾಗಿದೆ. ನನ್ನ ಮೊದಲ ಬ್ಯಾಟರಿ ಆ ಏಪ್ರಿಲ್‌ನಲ್ಲಿ ತೋರಿಸಿದ್ದು 10.9.

ನೀರು ಹಾಕುವ ಹಳೇ ನಮೂನೆಯ ಬ್ಯಾಟರಿ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಮೇಲಿನ ಗೆರೆವರೆಗೆ ಮಾತ್ರ. ಬಾವಿ ನೀರು ಎಷ್ಟೇ ಸಿಹಿ ಇದ್ದರೂ ಬೇಡ. ಮುಚ್ಚಳ ಸೀಲ್ ಆಗಿರುವ ಮೇಂಟೆನೆನ್ಸ್ ಫ್ರೀ ಬ್ಯಾಟರಿಯನ್ನು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಲು ಹೋಗಬೇಡಿ. ಸತ್ತದ್ದನ್ನು ತೋಟದ ಮೂಲೆಗೆ ಎಸೆಯಬೇಡಿ, ಸೀಸ ಮಣ್ಣಿಗೆ ಇಳಿಯುತ್ತದೆ. ಹೊಸದು ಕೊಳ್ಳುವಾಗ ಕೊಟ್ಟರೆ ಅಂಗಡಿಯವರೇ ಬೆಲೆ ಇಳಿಸುತ್ತಾರೆ.

ಸಂಪಾದಕರೇ, ನಿಮ್ಮ ಬಾಕ್ಸ್ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದನ್ನೇ ನಂಬಿದ್ದವನು. ಆದರೆ ನಾಲ್ಕು ಸಾಲಿನಲ್ಲಿ ಹೋದ ತಪ್ಪು ನಾಲ್ಕು ಸಾಲಿನಲ್ಲಾದರೂ ವಾಪಸ್ ಬರಬೇಕಲ್ಲ. ಸಾಧ್ಯವಾದರೆ ಭಾನುವಾರದ ಸಂಚಿಕೆಯಲ್ಲೇ ಹಾಕಿ. ನಮ್ಮೂರಿಗೆ ಪೇಪರ್ ಮುಟ್ಟುವುದು ಬೆಳಗಿನ ಬಸ್ಸಿಗೆ, ತಿಂಡಿ ಹೊತ್ತಿಗೆ ಅಪ್ಪನ ಕೈಗೆ ಬರುತ್ತದೆ. ಅಂದರೆ ಅವರು ಕೀ ತಗೊಂಡು ಕೊಟ್ಟಿಗೆ ಕಡೆ ಹೊರಡುವುದಕ್ಕೆ ಮೊದಲು.

ಅಪ್ಪ, ಪೇಪರಲ್ಲೇ ಬಂದಿದೆ ನೋಡಿ. ಹತ್ತರ ಸ್ಪ್ಯಾನರ್ ಅಡಿಕೆ ಕತ್ತಿ ಇಡುವ ಪೆಟ್ಟಿಗೆಯಲ್ಲಿದೆ. ಕಪ್ಪು ವೈರು ಮೊದಲು.

ಇತಿ ನಿಮ್ಮ ಓದುಗ,
ಮ್ಯೂನಿಕ್, ಜರ್ಮನಿ (ಊರು ಸಾಗರ ತಾಲ್ಲೂಕು)